ಕೆಳಮೆಟ್ಟಿಲ ಗಿರಾಕಿ

ಜಂಬುಲಿಂಗಪ್ಪನವರ ಪಾಲಿಗೆ ಮೆನು ಎಂದರೆ ಹೋಟೆಲಿನ ಗೋಡೆಗೆ ತೂಗುಹಾಕಿದ ಹಲಗೆ. ಇಡ್ಲಿ, ವಡೆ, ಮಂಡಕ್ಕಿ ಮೆಣಸಿನಕಾಯಿ. ಚಳ್ಳಕೆರೆಯ ಹಳೇ ಪೇಟೆಯಲ್ಲಿ ಮೂರು ತಲೆಮಾರಿನಿಂದ ಮೊಳಕಾಲ್ಮೂರು ರೇಷ್ಮೆ ಸೀರೆ ಮಾರುತ್ತಿರುವ ತಮ್ಮ ಅಂಗಡಿಗೂ ಒಂದು ಮೆನು ಬೇಕು ಎಂದು ಸೊಸೆ ತ್ರಿವೇಣಿ ಹೇಳಿದಾಗ ಅವರು ಹೊಟ್ಟೆ ತುಂಬ ನಕ್ಕರು. ಇನ್ನು ಮೇಲೆ ಅಂಗಡಿ ಫೋನಿನೊಳಗೂ ತೆರೆಯುತ್ತದೆ, ಬಂದವರಿಗೆ ಯಾವ ಸೀರೆ ಎಲ್ಲಿದೆ ಎಂದು ಹೇಳಲು ಅಲ್ಲಿ ನಾವು ನಿಂತಿರುವುದಿಲ್ಲ, ಅದಕ್ಕೆ ದಾರಿ ತೋರಿಸುವ ಪಟ್ಟಿ ಬೇಕು ಎಂದು ಅವಳು ಬಿಡಿಸಿ ಹೇಳಿದ ಮೇಲೆ ಅವರಿಗೂ ಹುರುಪು ಬಂತು. ಗದ್ದಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನಲವತ್ತಮೂರು ಹೆಸರು ಬರೆಸಿದರು. ಅದರಲ್ಲಿ ಹನ್ನೆರಡು ಅವರೊಬ್ಬರಿಗೆ ಮಾತ್ರ ಅರ್ಥವಾಗುವಂಥವು.

ತ್ರಿವೇಣಿಯ ಗಂಡ ಮಹಾಂತೇಶನದು ಇನ್ನೊಂದು ತುದಿ. ಅವನು ಯಾವುದೋ ದೊಡ್ಡ ಸೈಟು ನೋಡಿಕೊಂಡು ಬಂದು, ಕಲೆಕ್ಷನ್ಸ್, ಸಿಗ್ನೇಚರ್, ಎಕ್ಸ್‌ಪ್ಲೋರ್ ಎಂದು ಮೂರು ಗುಂಡಿ ಇಟ್ಟರೆ ಸಾಕು, ಅದೇ ಈಗಿನ ಸ್ಟೈಲು ಎಂದ.

"ನನ್ನಿವಾಳದಂಥ ಹಳ್ಳಿ ಹೆಣ್ಣುಮಗಳು ಎಕ್ಸ್‌ಪ್ಲೋರ್ ಮಾಡಾಕೆ ಬರ್ತಾಳೇನ್ರಿ? ಸೀರೆ ತಗಳಾಕೆ ಬರ್ತಾಳೆ," ಎಂದಳು ತ್ರಿವೇಣಿ.

ಚಿತ್ರದುರ್ಗದಲ್ಲಿ ಬಿಸಿಎ ಮುಗಿಸಿ ಬಂದು ಹನ್ನೊಂದು ವರ್ಷ ಒಲೆ, ಮಕ್ಕಳು, ಅಂಗಡಿಯ ಬಿಲ್ಲು ಎಂದು ಕಳೆದವಳು ಅವಳು. ಕೈಗೆ ಸಿಕ್ಕ ಮೊದಲ ಸ್ವಂತ ಕೆಲಸ ಇದು. ಇಬ್ಬರು ಗಂಡಸರ ಮಾತನ್ನೂ ಪಕ್ಕಕ್ಕಿಟ್ಟು, ಒಂದು ತಿಂಗಳು ಅಂಗಡಿಯ ಮೂಲೆಯಲ್ಲಿ ಕೂತು, ಬಂದ ಒಬ್ಬೊಬ್ಬ ಗಿರಾಕಿಯ ಮೊದಲ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಎರಡನೆಯ ಮಾತಲ್ಲ, ಮೊದಲನೆಯದು. "ಮದುವೆಗೆ ಬೇಕಾಗಿತ್ತು." "ಮಾವಿನಹಣ್ಣಿನ ಬಣ್ಣದಾಗೆ ತೋರ್ಸ್ರಿ." "ಐದು ಸಾವಿರದೊಳಗೆ ಏನೈತೆ?" ಜನ ಯಾವ ಮಾತನ್ನು ಬಾಯಲ್ಲಿಟ್ಟುಕೊಂಡು ಮೆಟ್ಟಿಲು ಹತ್ತುತ್ತಾರೋ ಅದನ್ನೇ ಫೋನಿನ ಮೇಲೂ ಬರೆದಿರಬೇಕು ಎಂಬುದು ಅವಳ ಹಟ. ತಿಂಗಳ ಕೊನೆಗೆ ನಲವತ್ತಮೂರು ಹೆಸರು ಕರಗಿ ಮೂರು ಬಾಗಿಲು ಉಳಿದವು. ಯಾತಕ್ಕೆ, ಯಾವ ಬಣ್ಣ, ಎಷ್ಟರೊಳಗೆ. ಯಾತಕ್ಕೆ ಎಂಬುದನ್ನು ಒತ್ತಿದರೆ ಮದುವೆ, ಸೀಮಂತ, ತೊಟ್ಟಿಲು, ಗೃಹಪ್ರವೇಶ, ಹಬ್ಬ. ಎಂಥವರೂ ಎರಡು ಸಲ ಒತ್ತುವಷ್ಟರಲ್ಲಿ ತಮ್ಮ ಸೀರೆಯ ಮುಂದೆ ನಿಂತಿರಬೇಕು. ತನ್ನ ಕೆಲಸದ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು, ಇರಬೇಕಾದ್ದೇ.

ಒಬ್ಬರ ಒಪ್ಪಿಗೆ ಮಾತ್ರ ಬಾಕಿಯಿತ್ತು. ಅತ್ತೆ ಕೊಟ್ರಮ್ಮನದು.

ಗದ್ದಿಗೆಯ ಮೇಲೆ ಕೂತವರು ಜಂಬುಲಿಂಗಪ್ಪ, ಆದರೆ ನಲವತ್ತು ವರ್ಷ ಅಂಗಡಿ ನಡೆಸಿದವರು ಕೊಟ್ರಮ್ಮ. ಸೀರೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದರೆ ಸಾಕು, ಯಾರ ಮನೆಯ ಮಗ್ಗದ್ದು ಎಂದು ಹೇಳಿಬಿಡುತ್ತಿದ್ದರು. ಮಾಘ ಮಾಸದಲ್ಲಿ ಅವರ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ದೀಪಾವಳಿ ಕಾಣುವುದು ಕಷ್ಟ ಎಂದು ದಾವಣಗೆರೆಯ ಡಾಕ್ಟರು ಅಪ್ಪ ಮಗನಿಬ್ಬರನ್ನೇ ಹೊರಗೆ ಕರೆದು ಹೇಳಿದರು. ಕೊಟ್ರಮ್ಮನಿಗೆ ತಿಳಿಯಬಾರದೆಂದು ಮನೆಯವರೆಲ್ಲ ಸೇರಿ ಮಾಡಿದ ನಾಟಕ ದಾರಿಯಲ್ಲೇ ಬಯಲಾಗಿತ್ತು. "ನಿಮ್ಮ ಮಾವ ತಾನಾಗೇ ಕಾರು ನಿಲ್ಸಿ ನನಗೆ ಎಳನೀರು ಕೊಡಿಸಿದ್ರು ಕಣೆ. ಅಲ್ಲಿಗೇ ಗೊತ್ತಾತು ನಂದು ಮುಗೀತು ಅಂತ," ಎಂದು ಅವರು ಸೊಸೆಯ ಮುಂದೆ ಹೇಳಿಕೊಂಡು ನಕ್ಕಿದ್ದರು. ತ್ರಿವೇಣಿ ಅವತ್ತು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅವಳಿಗೆ ಹೆತ್ತವ್ವನಿಗಿಂತ ಈ ಹೆಂಗಸಿನ ಜೊತೆಗೇ ಹೆಚ್ಚು ಸಲಿಗೆ.

ಸೈಟು ತೆರೆಯಲು ಒಂದು ತಿಂಗಳು ಇರುವಾಗ, ಊಟವಾದ ಮೇಲೆ ತ್ರಿವೇಣಿ ಫೋನನ್ನು ಅತ್ತೆಯ ಕೈಗೆ ಕೊಟ್ಟಳು. ಕೊಟ್ರಮ್ಮ ಏಳನೇ ಕ್ಲಾಸು ಓದಿದವರು, ಅಕ್ಷರಕ್ಕೆ ತೊಂದರೆಯಿಲ್ಲ.

"ಅತ್ತೆ, ನಿಮಗೆ ಬೇಕಾದ ಸೀರೆ ಒಂದನ್ನ ಇದರಾಗೆ ಹುಡುಕ್ರಿ. ನಾನು ಏನೂ ಹೇಳಿಕೊಡಲ್ಲ. ಎಲ್ಲಿ ಎಡವ್ತೀರಿ ಅಂತ ನೋಡ್ತೀನಿ, ಅಷ್ಟೇ."

ಕೊಟ್ರಮ್ಮ ದಿಂಬಿಗೆ ಒರಗಿ ಕೂತು ಯಾತಕ್ಕೆ ಎಂಬುದನ್ನು ಒತ್ತಿದರು. ಮದುವೆಗೆ ಹೋದರು, ಹಿಂದೆ ಬಂದರು. ಸೀಮಂತ ನೋಡಿದರು, ತೊಟ್ಟಿಲು ನೋಡಿದರು, ಹಬ್ಬ ನೋಡಿದರು. ಬಣ್ಣಗಳೊಳಗೆ ಹೋಗಿ ಬಂದರು. ಬೆಲೆಗಳ ಪಟ್ಟಿಯನ್ನೂ ಮೇಲಿಂದ ಕೆಳಕ್ಕೆ ಸರಿಸಿದರು. ಪಕ್ಕದಲ್ಲಿ ಪೆನ್ಸಿಲ್ ಹಿಡಿದು ಕೂತ ತ್ರಿವೇಣಿ ಗೀಟು ಹಾಕುತ್ತಾ ಹೋದಳು. ಇಪ್ಪತ್ತೊಂದನೆಯ ಗೀಟಿಗೆ ಕೊಟ್ರಮ್ಮ ಫೋನನ್ನು ಚಾಪೆಯ ಮೇಲಿಟ್ಟರು.

"ನಾನು ಹುಡುಕೋದು ಇದರಾಗಿಲ್ಲ ಕಣವ್ವ."

"ಏನು ಹುಡುಕಿದ್ರಿ ಹೇಳ್ರಿ ಅತ್ತೆ, ಸೇರಿಸ್ತೀನಿ."

"ತಿಂಗಳಾನುಗಟ್ಲೆ ಕುಂತು ಎಲ್ಲಾರ ಮಾತೂ ಬರಕಂಡ್ಯಲ್ಲ, ಮಾತಾಡದಂಗೆ ನಿಂತೋರನ್ನ ಬರಕಂಡ್ಯಾ?"

ತ್ರಿವೇಣಿಗೆ ಯಾರ ಮಾತು ಎಂದು ತಕ್ಷಣ ಗೊತ್ತಾಯಿತು. ಮುತ್ತೈದೆಯಾಗಿ ಸತ್ತ ಹೆಣ್ಣಿಗೆ ತವರಿನವರು ಹೊಸ ಸೀರೆ ತರಬೇಕು. ಅದು ಬಂದು ಮೈಮೇಲೆ ಬೀಳುವವರೆಗೆ ಹೆಣ ಎತ್ತುವುದಿಲ್ಲ. ಅಂಥ ಸೀರೆಗೆ ಬರುವ ಅಣ್ಣನೋ ತಮ್ಮನೋ ಈ ಅಂಗಡಿಯ ಕೆಳಮೆಟ್ಟಿಲಲ್ಲೇ ನಿಲ್ಲುತ್ತಾನೆ. ಚಪ್ಪಲಿ ಬಿಡುವುದಿಲ್ಲ, ಗದ್ದಿಗೆಯ ಮೇಲೆ ಕೂರುವುದಿಲ್ಲ, ಬಣ್ಣ ಹೇಳುವುದಿಲ್ಲ, ಚೌಕಾಸಿ ಮಾಡುವುದಿಲ್ಲ. ಅವನನ್ನು ಕಂಡ ಕೂಡಲೇ ಕೊಟ್ರಮ್ಮ ಒಳಗಿನ ಕಪಾಟಿನಿಂದ ಒಂದು ಸೀರೆ ತಂದು, ಮಡಿಕೆ ಬಿಚ್ಚದೆ ಕೈಗೆ ಕೊಡುತ್ತಿದ್ದರು. ಮತ್ತೆ ಬನ್ನಿ ಎನ್ನುತ್ತಿರಲಿಲ್ಲ. ಇಡೀ ವ್ಯಾಪಾರದಲ್ಲಿ ಒಂದು ಮಾತಿಲ್ಲ. ಹಾಗಾಗಿ ಆ ಸೀರೆಗೆ ಅಂಗಡಿಯಲ್ಲಿ ಒಂದು ಹೆಸರೂ ಇರಲಿಲ್ಲ. ಜಂಬುಲಿಂಗಪ್ಪನವರ ನಲವತ್ತಮೂರರಲ್ಲಿ ಅದು ಬರಲಿಲ್ಲ. ಆ ತಿಂಗಳಲ್ಲಿ ಅಂಥವರು ಇಬ್ಬರು ಬಂದು ಹೋಗಿದ್ದನ್ನು ತ್ರಿವೇಣಿ ಕಣ್ಣಾರೆ ಕಂಡಿದ್ದಳು, ಆದರೂ ನೋಟ್‌ಬುಕ್ಕಿನಲ್ಲಿ ಬರೆದಿರಲಿಲ್ಲ.

"ಅದೆಲ್ಲ ಯಾಕೆ ಅತ್ತೆ ಈಗ?" ಎಂದಳು.

"ಈಗಲ್ದೆ ಇನ್ಯಾವಾಗ? ನನಗೆ ಯಾರು ತರ್ತಾರೆ ಹೇಳು."

ಕೊಟ್ರಮ್ಮನ ತವರು ಮೊಳಕಾಲ್ಮೂರು. ಅಪ್ಪ ಅವ್ವ ಹೋಗಿ ಎಷ್ಟೋ ಕಾಲವಾಯಿತು, ಮನೆಯೂ ಕೈಬಿಟ್ಟಿತು. ಉಳಿದವನು ಒಬ್ಬ ತಮ್ಮ, ಮುರುಗೇಶ್. ಒಂದು ಕಾಲಕ್ಕೆ ನೇಕಾರರ ಮನೆಮನೆ ತಿರುಗಿ ಈ ಅಂಗಡಿಗೆ ಸೀರೆ ಆರಿಸಿ ತರುತ್ತಿದ್ದವನು ಅವನೇ. ಹದಿನೆಂಟು ವರ್ಷದ ಹಿಂದೆ ಅವನು ತಂದ ಒಂದು ಕಟ್ಟಿನಲ್ಲಿ ಪವರ್‌ಲೂಮಿನ ಸೀರೆಗಳು ಕೈಮಗ್ಗದವೆಂದು ಸೇರಿಕೊಂಡು ಬಂದುಬಿಟ್ಟವು. ಮೋಸ ಯಾರದೆಂದು ಯಾರೂ ವಿಚಾರಿಸಲಿಲ್ಲ. ಜಂಬುಲಿಂಗಪ್ಪನವರು ತುಂಬಿದ ಅಂಗಡಿಯಲ್ಲಿ ಭಾವಮೈದುನನನ್ನು ಕಳ್ಳ ಎಂದು ಕರೆದು ಮೆಟ್ಟಿಲಿಳಿಸಿದರು. ಈ ಮೆಟ್ಟಿಲು ಇನ್ನು ಹತ್ತುವುದಿಲ್ಲ, ಅಕ್ಕನೊಬ್ಬಳನ್ನು ಬಿಟ್ಟು ಈ ಮನೆಯ ಯಾರ ಜೊತೆಗೂ ಮಾತಾಡುವುದಿಲ್ಲ ಎಂದು ಹೇಳಿ ಹೋದ ಮುರುಗೇಶ್, ಆಂಧ್ರದ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಕೆಲಸಕ್ಕೆ ಸೇರಿಕೊಂಡ. ಹೇಳಿದ ಮಾತನ್ನು ಅಲ್ಲಿಯವರೆಗೂ ಮುರಿದಿರಲಿಲ್ಲ.

"ಸಾವಿಗೆ ಬರ್ತಾನೆ, ಅಷ್ಟು ಕಟುಕ ಅಲ್ಲ ಅವ್ನು," ಎಂದರು ಕೊಟ್ರಮ್ಮ. "ಆದ್ರೆ ಸೀರೆ ಎಲ್ಲಿಂದ ತರ್ತಾನೆ? ಬೇರೆ ಅಂಗಡ್ಯಾಗೆ ತಂದ ಅಂತಿಟ್ಕ. ನಿಮ್ಮ ಮಾವ ನನ್ನ ಹೆಣದ ಮುಂದೇನೇ ಅಂಚು ಹಿಡಿದು ನೋಡ್ತಾರೆ, ಕೈಮಗ್ಗದ್ದೋ ಪವರ್‌ಲೂಮೋ ಅಂತ. ನೋಡಿ ಒಂದು ಮಾತು ಅಂದೇ ಅಂತಾರೆ. ಅದನ್ನ ಕೇಳಿಸ್ಕಳಾಕೆ ನಾನಿರಲ್ಲ, ಅವನಿರ್ತಾನೆ."

ಕೊಟ್ರಮ್ಮ ಚಾಪೆಯ ಮೇಲಿದ್ದ ಫೋನನ್ನು ಮತ್ತೆ ಕೈಗೆತ್ತಿಕೊಂಡರು.

"ಸೀರೆ ನಾನೇ ಆರಿಸಿ ಇಡ್ತೀನಿ. ಅವನು ಫೋನಿನಾಗೆ ಒತ್ತಿ ಕೊಂಡ್ಕಳ್ಳಿ. ಮೆಟ್ಲು ಹತ್ತಂಗಿಲ್ಲ, ಯಾರ ಮುಖ ನೋಡಂಗಿಲ್ಲ, ಬಾಯಿ ಬಿಡಂಗಿಲ್ಲ. ನಿನ್ನ ಅಂಗಡಿ ಅವನಂಥೋನಿಗೇ ಮಾಡಿದಂಗೈತೆ. ಹೆಸರು ಮಾತ್ರ ಮುಚ್ಚುಮರೆ ಮಾಡಿ ಇಡಬ್ಯಾಡ. ತವರಿನ ಕೊನೇ ಸೀರೆ ಅಂತ ಬರಿ. ಓದಿದೋರಿಗೆ ತಿಳೀಬೇಕು."

ಮರುವಾರ ಇಬ್ಬರೂ ಮೊಳಕಾಲ್ಮೂರಿಗೆ ಹೋದರು. ಮನೆಯಲ್ಲಿ ಹೇಳಿದ್ದು ಹೊಸ ಸ್ಟಾಕು ನೋಡಿ ಬರುತ್ತೇವೆ ಎಂದು. ತಿಪ್ಪೇರುದ್ರಮ್ಮ ಕೊಟ್ರಮ್ಮನ ಓರಗೆಯವಳು, ಒಂದೇ ಕೇರಿಯಲ್ಲಿ ಆಡಿ ಬೆಳೆದವಳು. ಬಸ್‌ಸ್ಟ್ಯಾಂಡಿನಿಂದ ಮೂರನೇ ಬೀದಿಯಲ್ಲಿ ಅವಳ ಮನೆ. ನಡುಮನೆಯ ಮುಕ್ಕಾಲು ಭಾಗ ಮಗ್ಗಕ್ಕೆ, ಉಳಿದಿದ್ದರಲ್ಲಿ ಸಂಸಾರ. ಲಾಳಿ ನಿಲ್ಲಿಸಿ ಎದ್ದು ಬಂದವಳು ಗೆಳತಿಯ ಇಳಿದುಹೋದ ಮುಖ ನೋಡಿ, "ಏಂದೇ ಇದು, ಇಂಗಾಗಿದೀಯ," ಎಂದಳು. ಗಿಣಿ ಹಸಿರಿನ ಮೈ, ಕುಂಕುಮದ ಬಣ್ಣದ ಅಂಚು, ಸೆರಗಿನಲ್ಲಿ ಸಣ್ಣ ಬುಟ್ಟಾ ಎಂದು ಕೊಟ್ರಮ್ಮ ತಮಗೆ ಬೇಕಾದ್ದನ್ನು ಹೇಳಿದರು. ತಿಪ್ಪೇರುದ್ರಮ್ಮ ರವಿಕೆ ಕಣದ ಬಣ್ಣ ಕೇಳಿದಳು.

"ರವಿಕೆ ಕಣ ಬ್ಯಾಡ."

ರವಿಕೆ ಕಣವಿಲ್ಲದ ರೇಷ್ಮೆ ಸೀರೆಯನ್ನು ಯಾರಿಗೆ ನೇಯುತ್ತಾರೆಂದು ನೇಕಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಿಪ್ಪೇರುದ್ರಮ್ಮ ಒಳಗೆ ಹೋಗಿ ಎರಡು ಲೋಟ ಮಜ್ಜಿಗೆ ತಂದಳು, ಅಷ್ಟರಲ್ಲಿ ಕಣ್ಣು ಒರೆಸಿಕೊಂಡಿದ್ದಳು. ಸೀರೆ ನೇಯ್ದು ಅವಳ ಮನೆಯಲ್ಲೇ ಇಡುವುದೆಂದೂ, ಮುರುಗೇಶ್ ಒತ್ತಿ ಕೊಂಡ ಕೂಡಲೇ ಅವಳ ಫೋನಿಗೆ ಸುದ್ದಿ ಬರುವುದೆಂದೂ, ಅವನಿಗೆ ಅವಳ ಮನೆಯ ವಿಳಾಸ ಕಾಣುವುದೆಂದೂ ಗೊತ್ತುಮಾಡಿಕೊಂಡರು. ರಾಯದುರ್ಗದಿಂದ ಚಳ್ಳಕೆರೆಗೆ ಬರುವವನು ಮೊಳಕಾಲ್ಮೂರು ಹಾದೇ ಬರಬೇಕು. ಇಳಿದು ಸೀರೆ ತಗೊಂಡು ಮುಂದಿನ ಬಸ್ಸು ಹತ್ತಿದರೆ ಆಯಿತು. ಕೊಂಡವನು ಮಾತ್ರ ಅವನೇ ಆಗಿರಬೇಕು. ತವರಿನವರು ಕೊಳ್ಳದ ಸೀರೆ ತವರಿನದಾಗುವುದಿಲ್ಲ.

ಬಸವ ಜಯಂತಿಯ ದಿನ ಸೈಟು ತೆರೆಯಿತು. ಮದುವೆಯ ಕಾಲ, ಆರ್ಡರುಗಳು ಬಂದವು. ಮೆನು ಎಷ್ಟು ಸಲೀಸಾಗಿದೆ ಎಂದು ಗುರುತಿಲ್ಲದವರೂ ಬರೆದು ತಿಳಿಸಿದರು. ಜಂಬುಲಿಂಗಪ್ಪನವರು ಅದನ್ನು ಪೇಟೆಯ ತುಂಬ ಓದಿಕೊಂಡು ತಿರುಗಿದರು.

ತವರಿನ ಕೊನೇ ಸೀರೆಯ ಪುಟವನ್ನೂ ತ್ರಿವೇಣಿ ಮಾಡಿದ್ದಳು. ಫೋಟೋ ಹಾಕಿದ್ದಳು, ಹೆಸರು ಬರೆದಿದ್ದಳು, ಯಾತಕ್ಕೆ ಎಂಬುದರ ಕೆಳಗೆ ಹಬ್ಬ ಆದ ಮೇಲೆ ಜಾಗ ಕೊಟ್ಟಿದ್ದಳು. ಇನ್ನು ಉಳಿದಿದ್ದು, ತೋರಿಸು ಎಂಬಲ್ಲಿ ಒಂದು ಗುರುತು ಹಾಕುವುದು. ಅದು ಅವಳ ಕೈಲಾಗಲಿಲ್ಲ. ಬೆಕ್ಕು ಅಡ್ಡ ಬಂದರೆ ನಗುವವಳು, ಅಮಾವಾಸ್ಯೆಯ ದಿನ ತಲೆಗೆ ನೀರೆರೆದುಕೊಳ್ಳುವವಳು, ಆ ಒಂದು ಗುರುತಿನ ಮುಂದೆ ಬೆವತಳು. ಅತ್ತೆ ಆ ವಾರ ಚೂರು ಗೆಲುವಾಗಿದ್ದರು, ಅರ್ಧ ರೊಟ್ಟಿ ತಿಂದಿದ್ದರು. ಅವರು ಉಸಿರಾಡುತ್ತಿರುವಾಗಲೇ ಇದನ್ನು ಊರಿಗೆಲ್ಲ ತೆರೆದಿಟ್ಟರೆ, ಸಾವನ್ನು ತಾನೇ ಕೈಹಿಡಿದು ಮನೆಯೊಳಗೆ ಕರೆದಂತೆ ಎಂದು ಅವಳಿಗೆ ಅನಿಸಿಬಿಟ್ಟಿತು. ಅದನ್ನು ಹಾಗೆಂದು ಒಪ್ಪಿಕೊಳ್ಳಲು ನಾಚಿಕೆ. ಅದಕ್ಕೆ ತನಗೆ ತಾನೇ ಬೇರೆ ಕಾರಣ ಹೇಳಿಕೊಂಡಳು. ಮದುವೆ ಸೀರೆ ನೋಡಲು ಬಂದ ಹೆಣ್ಣಿನ ತಾಯಿ ಇದನ್ನು ಕಂಡರೆ ಓಡಿಹೋಗುತ್ತಾಳೆ, ಮೆನು ಚೊಕ್ಕವಾಗಿರಬೇಕು, ಆ ಹೊತ್ತು ಬಂದಾಗ ಹಾಕಿದರಾಯಿತು, ಎಷ್ಟರ ಕೆಲಸ, ಕಣ್ಣು ಮಿಟುಕಿಸುವಷ್ಟು.

"ಹಾಕಿದ್ಯಾ?" ಎಂದು ಕೊಟ್ರಮ್ಮ ಕೇಳಿದರು.

"ಹಾಕೀನಿ ಅತ್ತೆ."

"ಎಲ್ಲಿ, ತೋರ್ಸು."

ತ್ರಿವೇಣಿ ಲ್ಯಾಪ್‌ಟಾಪು ತಂದು ತೋರಿಸಿದಳು. ಸೈಟು ನಡೆಸುವವರಿಗೆ ಮುಚ್ಚಿಟ್ಟ ಪುಟವೂ ಕಾಣುತ್ತದೆ, ಉಳಿದವರಿಗೆ ಕಾಣುವುದಿಲ್ಲ. ಅದು ಕೊಟ್ರಮ್ಮನಿಗೆ ಹೇಗೆ ಗೊತ್ತಾಗಬೇಕು? ಅವರು ಹಸಿರು ಸೀರೆಯ ಚಿತ್ರದ ಮೇಲೆ ಬೆರಳಾಡಿಸಿ, "ಹಾಂ, ಈಗ ಸಿಕ್ತು ನೋಡು," ಎಂದರು. ಅಲ್ಲೇ ಕೂತು ತಮ್ಮನಿಗೆ ಫೋನು ಹಚ್ಚಿದರು.

"ಮುರುಗಾ, ನಾನ್ಹೇಳೋದು ಸರ್ಯಾಗಿ ಕೇಳು. ಅಳಬ್ಯಾಡ. ಅತ್ಕಂತ ಕೇಳಿದ್ರೆ ತಲ್ಯಾಗೆ ನಿಲ್ಲಲ್ಲ. ನಮ್ಮ ಅಂಗಡಿ ಫೋನಿನಾಗೆ ಐತೆ. ಯಾತಕ್ಕೆ ಅಂತ ಒತ್ತು. ಅದರಡಿಗೆ ತವರಿನ ಕೊನೇ ಸೀರೆ ಅಂತ ಬರದೈತೆ. ಹಸಿರು ಸೀರೆ. ನಾನೇ ಆರಿಸೀನಿ, ಅದನ್ನೇ ತರಬೇಕು, ಬ್ಯಾರೇದು ಬ್ಯಾಡ. ಎಲ್ಲಿ ಹೋಗಿ ತಗಳ್ಬೇಕು ಅನ್ನೋದನ್ನೂ ಅದೇ ತೋರಿಸ್ತೈತೆ. ಯಾರನ್ನೂ ಕೇಳಂಗಿಲ್ಲ, ತ್ರಿವೇಣಿ ಅಷ್ಟು ಸಲೀಸು ಮಾಡ್ಯಾಳೆ."

ಆ ಕೊನೆಯ ಮಾತು ಕೇಳಿದಾಗಲಾದರೂ ತ್ರಿವೇಣಿ ಎದ್ದು ಹೋಗಿ ಗುರುತು ಹಾಕಬೇಕಿತ್ತು. ನಾಳೆ ಎಂದುಕೊಂಡಳು. ನಾಳೆ ಎಂದುಕೊಂಡೇ ಮೂರು ತಿಂಗಳು ಕಳೆದವು.

ಶ್ರಾವಣದ ಎರಡನೇ ಸೋಮವಾರ ಬೆಳಗ್ಗೆ ಆರು ಗಂಟೆಗೆ ಕೊಟ್ರಮ್ಮ ಹೋದರು. ಹಿಂದಿನ ದಿನವಷ್ಟೇ ಎದ್ದು ಕೂತು ವಿಭೂತಿ ಹಚ್ಚಿಕೊಂಡಿದ್ದರು. ಮನೆ ತುಂಬಿತು. ತವರಿಗೆ ಸುದ್ದಿ ಮುಟ್ಟಿಸದೆ ಆಗದಲ್ಲ, ಪಕ್ಕದ ಅಂಗಡಿಯ ರಾಜಣ್ಣ ಏಳು ಗಂಟೆಗೇ ಮುರುಗೇಶನಿಗೆ ಫೋನ್ ಮಾಡಿದ. ಆ ಕಡೆಯಿಂದ ಒಂದು ಮಾತಿಲ್ಲದೆ ಫೋನು ಕಟ್ಟಾಯಿತು ಎಂದು ಬಂದು ಹೇಳಿದ.

ತ್ರಿವೇಣಿಗೆ ತಲೆಯೆತ್ತಲು ಹೊತ್ತಿರಲಿಲ್ಲ. ಅತ್ತೆಗೆ ಸ್ನಾನ ಮಾಡಿಸಿದವಳು ಅವಳೇ, ಅರಿಶಿನ ಹಚ್ಚಿದವಳು, ಹಸಿರು ಬಳೆ ತೊಡಿಸಿದವಳು ಅವಳೇ. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ ಮೇಲೆ ಬಂದವರನ್ನೆಲ್ಲ ಹಿಡಿದು ಅತ್ತಳು, ಮಕ್ಕಳಿಗೆ ಏನೋ ತಿನ್ನಿಸಿದಳು, ವಿಧಿ ಮಾಡಿಸಲು ಬಂದ ಐನೋರಿಗೆ ಬೇಕಾದ್ದನ್ನೆಲ್ಲ ಹುಡುಕಿ ಕೊಟ್ಟಳು. ಅವಳ ಫೋನು ಯಾವ ಹಾಸಿಗೆಯ ಕೆಳಗೆ ಸೇರಿತ್ತೋ. ಹನ್ನೆರಡೂವರೆಗೆ ಐನೋರು, "ತವರಿನ ಸೀರೆ ಬಂತೇನ್ರವ್ವ?" ಎಂದು ಕೇಳಿದರು. ತ್ರಿವೇಣಿ ಕೈಯಲ್ಲಿದ್ದ ಹೂವಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಒಳಗೆ ಓಡಿ, ಲ್ಯಾಪ್‌ಟಾಪು ತೆರೆದು ಗುರುತು ಹಾಕಿದಳು. ನಿಜಕ್ಕೂ ಕಣ್ಣು ಮಿಟುಕಿಸುವಷ್ಟರ ಕೆಲಸ.

ಆಮೇಲೆ ಫೋನು ಹುಡುಕಿ ತೆಗೆದು ಕಾಯತೊಡಗಿದಳು. ಈ ಮನೆಯವರ ದನಿ ಕೇಳಿದರೆ ಮುರುಗೇಶ್ ಫೋನು ಇಟ್ಟುಬಿಡುತ್ತಾನೆ ಎಂದು ಅವನಿಗೆ ಕರೆ ಮಾಡಲಿಲ್ಲ. ಒಂದಾಯಿತು, ಎರಡಾಯಿತು. ಮೂರು ಗಂಟೆಗೆ ತಿಪ್ಪೇರುದ್ರಮ್ಮನ ಫೋನು ಬಂತು.

"ಯಾರೂ ಬರಲಿಲ್ಲಲ್ಲವ್ವಾ. ಬೆಳಗ್ಗೆ ಸುದ್ದಿ ಕೇಳಿದಾಗಿಂದ ಸೀರೆ ಮುಂದಿಟ್ಕಂಡು ಕುಂತೀನಿ. ಕೊಟ್ರಿ ಮುಖ ನೋಡಾಕೆ ಬರ್ಲಾ, ಇಲ್ಲೇ ಕಾಯ್ಲಾ?"

"ಇನ್ನೊಂದು ಗಳಿಗೆ ಕಾಯ್ರಿ," ಎಂದಳು ತ್ರಿವೇಣಿ. ಗೆಳತಿಯ ಮುಖವನ್ನು ಕೊನೆಯ ಸಲ ನೋಡುವುದನ್ನೂ ಅವಳು ಹೀಗೆ ತಪ್ಪಿಸಿದಳು.

ನಾಲ್ಕಕ್ಕೆ ಹಿರಿಯರು ಇನ್ನು ಆಗದು ಎಂದರು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು. ತವರಿನವರ ಸ್ಥಾನದಲ್ಲಿ ರಾಜಣ್ಣನನ್ನು ನಿಲ್ಲಿಸಿದರು. ಜಂಬುಲಿಂಗಪ್ಪನವರು ಒಳಗಿನ ಕಪಾಟಿನಿಂದ ಕೈಗೆ ಸಿಕ್ಕ ಒಂದು ಸೀರೆ ತಂದರು, ನೇರಳೆ ಬಣ್ಣದ್ದು. ರಾಜಣ್ಣ ಅದನ್ನು ಹೊದಿಸಿದ. ಕೊಟ್ರಮ್ಮನಿಗೆ ನೇರಳೆ ಬಣ್ಣ ಯಾವತ್ತೂ ಸೇರುತ್ತಿರಲಿಲ್ಲ.

"ಅವನು ಬರಲ್ಲ ಅಂತ ನನಗೆ ಮೊದ್ಲೇ ಗೊತ್ತಿತ್ತು," ಎಂದರು ಜಂಬುಲಿಂಗಪ್ಪ, ನೆರೆದವರಿಗೆಲ್ಲ ಕೇಳುವಂತೆ. "ಕಳ್ಳನಿಗೆ ಕರುಳು ಎಲ್ಲಿಂದ ಬರ್ಬೇಕು? ಒಡಹುಟ್ಟಿದೋಳು ಸತ್ರೂ ಬರ್ಲಿಲ್ಲ ನೋಡ್ರಿ."

ಎಲ್ಲರೂ ಹೌದೌದು ಎಂದರು. ಒಂದಿಬ್ಬರು ಹೆಂಗಸರು ಮುರುಗೇಶನ ವಂಶಕ್ಕೇ ಶಾಪ ಹಾಕಿದರು. ನಿಜ ಹೇಳಬೇಕೆಂದರೆ ತ್ರಿವೇಣಿಗೂ ಅವನ ಮೇಲೆ ಸಿಟ್ಟು ಬಂತು. ಇಂಥ ದಿನವೂ ಹಟ ಬಿಡದ ಮನುಷ್ಯ ಎಂದುಕೊಂಡಳು. ಹಾಗಂದುಕೊಂಡಾಗ ಎದೆಯ ಭಾರ ಸ್ವಲ್ಪ ಇಳಿಯಿತು, ಅದಕ್ಕೇ ಮತ್ತೆ ಮತ್ತೆ ಅಂದುಕೊಂಡಳು. ಪುಟ ತೆರೆಯುವುದು ಒಂದಿಷ್ಟು ತಡವಾಯಿತು ನಿಜ, ಆದರೆ ಬರುವ ಮನಸ್ಸಿದ್ದವನು ಬಂದೇ ಬರುತ್ತಿದ್ದ.

ಮೂರನೇ ದಿನ ಸಮಾಧಿಗೆ ಪೂಜೆ ಮಾಡಿಕೊಂಡು ಬಂದ ಮೇಲೆ, ಮಧ್ಯಾಹ್ನ, ಬಾಕಿ ಬಿದ್ದ ಆರ್ಡರು ನೋಡಲು ಅವಳು ಲ್ಯಾಪ್‌ಟಾಪು ತೆರೆದಳು. ಸೈಟಿಗೆ ಬಂದವರು ಎಷ್ಟು ಹೊತ್ತಿಗೆ ಬಂದರು, ಯಾವ ಬಾಗಿಲು ತಟ್ಟಿದರು, ಏನು ಬರೆದು ಹುಡುಕಿದರು ಎಂಬುದೆಲ್ಲ ಒಂದು ಕಡೆ ದಾಖಲಾಗುತ್ತದೆ. ಜನ ಹುಡುಕಿದ ಮಾತುಗಳ ಪಟ್ಟಿಯ ಮೇಲೆ ಕಣ್ಣಾಡಿಸುವಾಗ ಅವಳ ಬೆರಳು ನಿಂತಿತು. ತವರಿನ ಕೊನೇ ಸೀರೆ. ಆ ಹೆಸರು ಜಗತ್ತಿನಲ್ಲಿ ಗೊತ್ತಿದ್ದಿದ್ದು ಮೂರೇ ಜನಕ್ಕೆ, ಅದರಲ್ಲಿ ಒಬ್ಬರು ಆಗಲೇ ಸತ್ತಿದ್ದರು.

ಸೋಮವಾರ ಬೆಳಗ್ಗೆ ಒಂಬತ್ತು ನಲವತ್ತೆರಡು. ಬಂದವನು ಮೊದಲು ಯಾತಕ್ಕೆ ಎಂಬುದನ್ನು ಒತ್ತಿದ್ದ. ಅಲ್ಲಿ ಕಾಣಲಿಲ್ಲ. ಹಿಂದೆ ಹೋಗಿ ಮತ್ತೆ ಅದನ್ನೇ ಒತ್ತಿದ್ದ. ಮದುವೆಯೊಳಗೆ ಹೋಗಿದ್ದ, ಸೀಮಂತದೊಳಗೆ ಹೋಗಿದ್ದ, ತೊಟ್ಟಿಲು, ಗೃಹಪ್ರವೇಶ, ಹಬ್ಬ, ಒಂದನ್ನೂ ಬಿಡದೆ. ಹಸಿರು ಬಣ್ಣದ ಬಾಗಿಲು ತೆಗೆದು ಅರವತ್ತೆಂಟು ಹಸಿರು ಸೀರೆಗಳನ್ನೂ ಒಂದೊಂದಾಗಿ ತೆರೆದು ನೋಡಿದ್ದ. ಆಮೇಲೆ ಬರೆದು ಹುಡುಕಿದ್ದ. ತವರಿನ ಕೊನೇ ಸೀರೆ. ಕೊನೆ ಸೀರೆ. ಅಕ್ಕನ ಸೀರೆ. ಕೊಟ್ರಮ್ಮ. ಪ್ರತಿ ಸಲವೂ ತ್ರಿವೇಣಿಯೇ ಕೂತು ಬರೆದ ಮರ್ಯಾದೆಯ ಮಾತು ಅವನ ಮುಂದೆ ಬಂದಿತ್ತು: ಕ್ಷಮಿಸಿ, ನೀವು ಕೇಳಿದ್ದು ನಮ್ಮಲ್ಲಿಲ್ಲ, ನಮ್ಮ ಮದುವೆ ಸೀರೆಗಳನ್ನು ನೋಡಿ. ಕೊನೆಗೆ ಸಹಾಯದ ಪುಟ. ಅಲ್ಲಿದ್ದಿದ್ದು ಜಂಬುಲಿಂಗಪ್ಪನವರ ಫೋನ್ ನಂಬರು. ಆ ನಂಬರಿನ ಮುಂದೆ ಆರು ನಿಮಿಷ ನಿಂತಿದ್ದ. ಹತ್ತು ಐವತ್ತನಾಲ್ಕಕ್ಕೆ ಸೈಟು ಬಿಟ್ಟು ಹೋಗಿದ್ದ.

ತ್ರಿವೇಣಿ ಅತ್ತೆಯ ಫೋನಿನಿಂದ ನಂಬರು ತಗೊಂಡು ತನ್ನ ಫೋನಿನಿಂದ ಕರೆ ಮಾಡಿದಳು. ಗಂಡನ ಸೋದರಮಾವ ಅವಳಿಗೆ ಚಿಕ್ಕಪ್ಪನ ವರಸೆ, ಈವರೆಗೆ ಒಮ್ಮೆಯೂ ಹಾಗೆ ಕರೆದಿರಲಿಲ್ಲ.

"ಚಿಕ್ಕಪ್ಪ, ನಾನು ತ್ರಿವೇಣಿ. ಚಳ್ಳಕೆರೆಯಿಂದ."

ಆ ಕಡೆ ಹೊಲಿಗೆ ಮಷಿನ್ನುಗಳ ಸದ್ದು ಮಾತ್ರ ಕೇಳುತ್ತಿತ್ತು. ಅವನು ಫೋನು ಇಟ್ಟುಬಿಡುತ್ತಾನೆ ಎಂದುಕೊಂಡಳು.

"ಅವತ್ತು ನೀವು ಹುಡುಕಿದ್ದು ಈಗ ನೋಡಿದೆ ಚಿಕ್ಕಪ್ಪ."

"ನಂದೇ ತಪ್ಪು ಕಣವ್ವ," ಎಂದಿತು ದನಿ. ಹದಿನೆಂಟು ವರ್ಷದ ಮೇಲೆ ಆ ಮನೆಯ ಇನ್ನೊಬ್ಬರ ಜೊತೆ ಅವನು ಮಾತಾಡುತ್ತಿದ್ದ. "ಅಕ್ಕ ಅಷ್ಟು ಬಿಡಿಸಿ ಹೇಳಿದ್ಲು. ಮೊಳಕಾಲ್ಮೂರು ಬಸ್‌ಸ್ಟ್ಯಾಂಡಿನಾಗೆ ಕುಂತು ಒಂದು ತಾಸಿನ ಮ್ಯಾಲೆ ಒತ್ತೀನಿ. ಪಕ್ಕದಾಗೆ ಕುಂತಿದ್ದ ಕಾಲೇಜು ಹುಡುಗಿ ಕೈಯಾಗೂ ಕೊಟ್ಟು ನೋಡ್ದೆ. ನನಗೆ ಫೋನು ಅಷ್ಟು ತಿಳಿಯಲ್ಲ, ಕಣ್ಣೂ ಮಂಜು. ಬರೀ ಕೈಯಾಗೆ ಹೆಂಗೆ ಬರ್ಲಿ? ಬ್ಯಾರೇದು ತರಬ್ಯಾಡ ಅಂದಿದ್ಲು. ಮತ್ತೆ ಫೋನು ತೆಗೆದು ನೋಡಾಕೆ ಮನಸಾಗ್ಲಿಲ್ಲ, ಅಲ್ಲೇ ಸಂಜೀತಂಕ ಕುಂತಿದ್ದು ವಾಪಸ್ ಬಂದೆ."

ಮೊಳಕಾಲ್ಮೂರು ಬಸ್‌ಸ್ಟ್ಯಾಂಡು. ಮೂರು ಬೀದಿ ಆಚೆ ತಿಪ್ಪೇರುದ್ರಮ್ಮ ಸೀರೆಯನ್ನು ಮುಂದಿಟ್ಟುಕೊಂಡು ಅದೇ ಸಂಜೆಯವರೆಗೆ ಕೂತಿದ್ದಳು.

"ಅದೊಂದು ಹೇಳಿಬಿಡವ್ವ," ಎಂದ ಮುರುಗೇಶ್. "ಎಲ್ಲಿತ್ತು? ಯಾವುದರ ಅಡಿಗಿತ್ತು? ಮೂರು ದಿನದಿಂದ ನಿದ್ದೆ ಹತ್ತವಲ್ದು. ಇಷ್ಟು ಸಲೀಸಾಗಿರೋದು ನನಗೊಬ್ಬನಿಗೆ ಯಾಕೆ ಕಾಣಲಿಲ್ಲ ಅಂತ."

ಕೆಳಗಿತ್ತು, ಸಣ್ಣ ಅಕ್ಷರದಲ್ಲಿತ್ತು, ಯಾರಿಗಾದರೂ ತಪ್ಪಿಹೋಗುತ್ತಿತ್ತು ಎಂದು ಹೇಳಿಬಿಡಬಹುದಿತ್ತು. ಆ ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ಹೇಳಿದರೆ ಈ ಮನುಷ್ಯ ಸಾಯುವವರೆಗೂ ತನ್ನ ಕಣ್ಣನ್ನೇ ಬೈದುಕೊಂಡಿರುತ್ತಾನೆ ಎಂದು ಅವಳಿಗೆ ತಿಳಿಯಿತು.

"ಇರಲಿಲ್ಲ ಚಿಕ್ಕಪ್ಪ. ನಾನು ಮುಚ್ಚಿಟ್ಟಿದ್ದೆ. ಅತ್ತೆ ಇರುವಾಗ್ಲೇ ಅದನ್ನ ತೆರ್ಯಾಕೆ ನನ್ನ ಕೈ ಬರ್ಲಿಲ್ಲ. ಹಾಕೀನಿ ಅಂತ ಅವರಿಗೆ ಸುಳ್ಳು ಹೇಳಿದ್ದೆ. ನೀವು ಒತ್ತಿದ್ದೆಲ್ಲಾ ಸರಿಯಾಗೇ ಐತೆ."

ಮಷಿನ್ನುಗಳು ಓಡುತ್ತಲೇ ಇದ್ದವು.

"ನಿಮ್ಮ ಮಾವ ನನ್ನ ಕಳ್ಳ ಅಂದಾಗ ಹೊಟ್ಟೆ ಉರಿದಿತ್ತು. ಆದ್ರೂ ಅಕ್ಕ ಇದ್ಲು, ನನ್ನ ನಂಬಿದ್ಲು," ಎಂದ. "ಅವಳು ನಿನ್ನನ್ನೂ ನಂಬಿದ್ಲಲ್ಲವ್ವ."

"ಚಿಕ್ಕಪ್ಪ," ಎಂದಳು ತ್ರಿವೇಣಿ.

"ಇನ್ನು ಈ ನಂಬರಿಗೆ ಮಾಡಬ್ಯಾಡ," ಎಂದು ಮುರುಗೇಶ್ ಫೋನು ಇಟ್ಟ.